ಮೌನವಾದ ಹೆಸರು

ಪ್ರೌಢಶಾಲೆಯಲ್ಲಿ ತರಗತಿ ಶಿಕ್ಷಕರು ದಿನವೂ ಹಾಜರಿ ಕರೆಯುವ ಆ ಕೆಲವು ನಿಮಿಷಗಳ ಉದ್ದೇಶವೇನು? ಬಂದವರನ್ನು ಎಣಿಸುವುದಷ್ಟೆಯೇ? ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಂತಹ ಕಬ್ಬಿನ ಸೀಮೆಯಲ್ಲಿ, ಉತ್ತರ ಬಾರದ ಹೆಸರು ಹೊಲದ ದುಡಿಮೆಯಲ್ಲಿರಬಹುದು, ಎಳೆಯ ವಯಸ್ಸಿನ ಮದುವೆಯ ಮಾತುಕತೆಗೂ ಸಿಲುಕಿರಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ; ಹತ್ತನೆಯ ತರಗತಿಯ ಬಹುತೇಕ ಮಕ್ಕಳು ಆ ಗಡಿಯನ್ನು ದಾಟಿದವರು. ಕಾನೂನಿನ ಕೈ ಸಡಿಲವಾದಲ್ಲಿ ಶಿಕ್ಷಕರ ಕಿವಿ ಎಚ್ಚರವಾಗಿರಬೇಕು. ಅರವತ್ತು ಮಕ್ಕಳನ್ನು ಒಂದೇ ದಿನ ವಿಚಾರಿಸಲಾಗದು, ನಿಜ. ಆದರೆ ದಿನಕ್ಕೊಬ್ಬರನ್ನು, ಇತರರ ಎದುರಿನಲ್ಲಲ್ಲದೆ, ಬದಿಗೆ ಕರೆದು ಮಾತನಾಡಿಸಬಹುದು. ಸತತವಾಗಿ ಬಾರದವರ ಮನೆಗೆ ಹೋಗಿ ಬರಬಹುದು. ಎಣಿಕೆಯಿಂದ ಪುಸ್ತಕ ತುಂಬುತ್ತದೆ; ವಿಚಾರಣೆಯಿಂದ ಮಗು ಉಳಿಯುತ್ತದೆ. ಪಾಲಕರೇ, ಇಂದು ಸಂಜೆ ಅಂಕಗಳನ್ನು ಕೇಳುವ ಮುನ್ನ, "ಇವತ್ತು ನಿಮ್ಮ ತರಗತಿಗೆ ಯಾರು ಬರಲಿಲ್ಲ?" ಎಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿರಿ.