ಗಾಳಿ ಆ ಕಡೆ ಬೀಸಿದ್ದರೆ

ಮೂಡಿಗೆರೆ ಹತ್ತಿರದ ಮಾವನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕಾಫಿ ಒಣಗಲು ಹರವಿದ್ದರಿಂದ ಕಾರನ್ನು ಬೇಲಿ ಪಕ್ಕ ನಿಲ್ಲಿಸಿದ್ದೆ. ಮಾರನೇ ದಿನ ಸಂಜೆ ಬಾಗಿಲ ಮೇಲೆ ಕೈಯಿಟ್ಟರೆ ಉಪ್ಪುಕಾಗದ ಮುಟ್ಟಿದ ಹಾಗಾಯ್ತು. ಬಗ್ಗಿ ನೋಡಿದೆ. ಬಿಳಿ ಕಾರಿನ ಒಂದು ಪಕ್ಕ ಪೂರ್ತಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು! ಪಕ್ಕದ ತೋಟದ ಹೊಸ ಗೇಟಿಗೆ ಒಬ್ಬ ಹುಡುಗ ಬೆಳಿಗ್ಗೆಯಿಂದ ಸ್ಪ್ರೇ ಗನ್ನಲ್ಲಿ ಬಣ್ಣ ಹೊಡೀತಿದ್ದ. ಗಾಳಿ ನಮ್ಮ ಕಡೆ ಬೀಸ್ತಿತ್ತು. ಅಷ್ಟೇ.

ನಾನು ತಕ್ಷಣ ಮಾಡಿದ ಕೆಲಸ ಏನು ಗೊತ್ತಾ? ಫೋಟೊ ತೆಗೆದು ಕುಟುಂಬದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ‘ಪೇಂಟರ್ ಮಹಾಶಯರ ಕೈಚಳಕ, ಕಂತು ಇನ್ನೂ ನಾನೇ ಕಟ್ಟಬೇಕು’ ಅಂತ ಒಂದು ಸಾಲು ಬೇರೆ. ಎಲ್ಲರೂ ನಕ್ಕರು. ಅದು ಯಾರಿಂದ ಯಾರಿಗೆ ಹೋಯ್ತೋ, ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಪಕ್ಕದ ತೋಟದ ಸಾವ್ಕಾರ್ರ ಫೋನ್. ‘ಬೇಜಾರು ಮಾಡ್ಕೋಬೇಡಿ, ಅವನ ನಾಲ್ಕು ದಿನದ ಸಂಬಳ ಹಿಡ್ದಿದೀನಿ. ನಿಮಗೇ ಕೊಡ್ತೀನಿ.’

ಮಾವ ಅನ್ನ ಕಲೆಸುತ್ತಾ ಒಂದೇ ಮಾತು ಕೇಳಿದರು: ‘ಆ ಹುಡುಗನ ಹತ್ರ ಒಂದು ಮಾತು ಹೇಳಿದ್ಯನಾ ಮಾರಾಯ?’

ಹೇಳಿರಲಿಲ್ಲ. ಅವನು ನನ್ನಿಂದ ನಲವತ್ತು ಹೆಜ್ಜೆ ದೂರದಲ್ಲೇ ಇದ್ದ.

ಬೆಳಿಗ್ಗೆ ಏಳಕ್ಕೇ ಹುಡುಗ ಬಂದ. ಕೈಯಲ್ಲಿ ತಿನ್ನರ್ ಬಾಟಲಿ, ಹಳೇ ಬಟ್ಟೆ. ‘ಸಾರ್, ಎರಡು ನಿಮಿಷ, ಉಜ್ಜಿ ತೆಗೀತೀನಿ.’ ಬೇಡ ಅಂದೆ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತೆ, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ತಿನ್ನರ್ ಹಾಕಿ ತಿಕ್ಕಿದರೆ ಚುಕ್ಕಿಯ ಜೊತೆ ಅದೂ ಮಂಕಾಗಬಹುದು. ಗಾಳಿಯಲ್ಲಿ ತೇಲಿ ಬಂದ ಬಣ್ಣ ದಾರಿಯಲ್ಲೇ ಅರ್ಧ ಒಣಗಿರುತ್ತೆ. ಮೇಲೆ ಕೂತಿರುತ್ತೆಯೇ ಹೊರತು ಒಳಗೆ ಇಳಿದಿರೋದು ಕಡಿಮೆ. ಅದಕ್ಕೆ ಕ್ಲೇ ಬಾರ್ ಸಾಕು, ಜೇಡಿಮಣ್ಣಿನಂಥ ಒಂದು ಮೆತ್ತನೆ ಉಂಡೆ. ಕಾರನ್ನು ಚೆನ್ನಾಗಿ ತೊಳೆದು, ಶಾಂಪೂ ನೀರು ಚಿಮುಕಿಸಿ, ಒತ್ತದೆ ಹಿಂದೆ ಮುಂದೆ ಜಾರಿಸಬೇಕು. ಕೊಳೆಯಾದ ಹಾಗೆ ಮಡಚಿ ಹೊಸ ಮುಖ ತೆಗೀಬೇಕು. ನೆಲಕ್ಕೆ ಬಿದ್ದರೆ ಆ ತುಂಡು ಬಿಸಾಡಬೇಕು, ಅಂಟಿದ ಒಂದು ಮರಳಿನ ಕಣ ಸಾಕು ಗೀರು ಬೀಳೋಕೆ.

ಚಿಕ್ಕಮಗಳೂರಿನಿಂದ ಕ್ಲೇ ತರಿಸಿ ಇಬ್ಬರೂ ಸೇರಿ ಉಜ್ಜಿದೆವು. ಮೂರು ಗಂಟೆ ಹಿಡೀತು. ಚುಕ್ಕಿ ಹೋಯ್ತು.

ಉಜ್ಜುವಾಗ ತಲೆಗೆ ಬಂದಿದ್ದು ಇದು. ಗಾಳಿ ಆ ಕಡೆ ಬೀಸಿದ್ದರೆ? ಬಣ್ಣ ಕಾಫಿಗಿಡದ ಮೇಲೆ ಬೀಳ್ತಿತ್ತು, ಯಾರೂ ಕೇಳ್ತಿರಲಿಲ್ಲ. ಅದೇ ಹುಡುಗ, ಅದೇ ಗನ್, ಅದೇ ಅಜಾಗ್ರತೆ. ಒಂದು ದಿಕ್ಕಿನಲ್ಲಿ ತಪ್ಪಿತಸ್ಥ, ಇನ್ನೊಂದು ದಿಕ್ಕಿನಲ್ಲಿ ಒಳ್ಳೆ ಕೆಲಸಗಾರ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ತತ್ವಶಾಸ್ತ್ರಜ್ಞರು ಇದನ್ನೇ ‘ನೈತಿಕ ಅದೃಷ್ಟ’ ಅಂತ ಕರೆದು ಚರ್ಚಿಸಿದರು. ನಮ್ಮ ಕೈಯಲ್ಲಿಲ್ಲದ ಸಂಗತಿಗೂ ಜನ ನಮ್ಮನ್ನು ಹೊಗಳ್ತಾರೆ, ತೆಗಳ್ತಾರೆ.

ನಮ್ಮ ತೋಟಗಳಲ್ಲಿ ಹೊಡೆಯುವ ಬೋರ್ಡೋ ದ್ರಾವಣದ ಕಥೆಯೂ ಹೀಗೇ. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚ್ತಿದ್ದರು. 1882ರಲ್ಲಿ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ನೋಡಿದರೆ ಆ ಬಳ್ಳಿಗಳಿಗೆ ಮಾತ್ರ ರೋಗ ತಾಗಿರಲಿಲ್ಲ. ಕಳ್ಳರಿಗೆ ಎರಚಿದ್ದು ಔಷಧಿಯಾಯ್ತು. ಅದೃಷ್ಟ ಚೆನ್ನಾಗಿತ್ತು, ಹೊಗಳಿಕೆ ಸಿಕ್ಕಿತು.

ಹಾಗಂತ ‘ಎಲ್ಲಾ ಗಾಳಿಯ ತಪ್ಪು’ ಅನ್ನೋಕಾಗಲ್ಲ. ಗಾಳಿ ನಮ್ಮ ಕೈಯಲ್ಲಿಲ್ಲ ನಿಜ. ಗಾಳಿ ಯಾವ ಕಡೆಗಿದೆ ಅಂತ ನೋಡೋದು ನಮ್ಮ ಕೈಯಲ್ಲಿದೆ. ಒಂದು ಟಾರ್ಪಾಲ್ ಕಟ್ಟಬಹುದಿತ್ತು, ‘ಸಾರ್, ಕಾರು ತೆಗೀರಿ’ ಅಂತ ಕೂಗಬಹುದಿತ್ತು. ಅವನೇ ಅದನ್ನ ಒಪ್ಪಿಕೊಂಡ.

ಹಾಗಾದರೆ ನಾನು? ಇಂಥ ಫೋಟೊ ನೂರು ಹಾಕಿದ್ದೇನೆ. ತಡವಾಗಿ ಬಂದ ಡೆಲಿವರಿ ಹುಡುಗ, ತಪ್ಪು ಕಾಗುಣಿತದ ಬೋರ್ಡು, ಮೀಟಿಂಗಲ್ಲಿ ತೂಕಡಿಸಿದ ಸಹೋದ್ಯೋಗಿ. ಯಾರಿಗೂ ಏನೂ ಆಗಿಲ್ಲ ಅಂದುಕೊಂಡಿದ್ದೆ. ಆಗಿಲ್ಲವೋ, ನನಗೆ ಗೊತ್ತಾಗಿಲ್ಲವೋ? ಗಾಳಿ ಯಾವ ಕಡೆ ಅಂತ ನಾನೂ ನೋಡಿರಲಿಲ್ಲ. ಅವನ ಚುಕ್ಕಿಗಳು ಕೈಗೆ ಸಿಕ್ಕವು, ತೆಗೆದೆವು. ನಾನು ಬರೆದ ಸಾಲನ್ನು ನನ್ನ ಗ್ರೂಪಿನಲ್ಲಿ ಡಿಲೀಟ್ ಮಾಡಿದೆ, ಆದರೆ ಅಲ್ಲಿಂದ ಫಾರ್ವರ್ಡ್ ಆಗಿ ಹೋದದ್ದು ಹೋದಲ್ಲೇ ಇದೆ.

ಸಾವ್ಕಾರ್ರಿಗೆ ಫೋನ್ ಮಾಡಿ ದುಡ್ಡು ಬೇಡ, ಅವನಿಗೇ ಕೊಡಿ ಅಂದೆ. ಕೊಟ್ಟರು. ಆದರೆ ಮನೆಯ ಕಿಟಕಿ ಸರಳುಗಳಿಗೆ ಬಣ್ಣ ಹೊಡೆಯುವ ಕೆಲಸ ಬೇರೆಯವರಿಗೆ ಹೋಯ್ತಂತೆ. ‘ಅವನು ಹೊಡೆದ್ರೆ ಎಲ್ಲೆಲ್ಲೋ ಹಾರ್ತದೆ’ ಅಂತ ಊರಲ್ಲಿ ಮಾತಾಗಿದೆ. ಆ ಮಾತು ಎಲ್ಲಿಂದ ಹಾರಿತು ಅಂತ ನನಗೆ ಗೊತ್ತು.

ಮುಂದಿನ ಸಲ ಹೋದಾಗ ಮಾವನ ಮನೆ ಗೇಟಿಗೆ ಅವನ ಕೈಲೇ ಬಣ್ಣ ಹೊಡೆಸಬೇಕು. ಅದರಿಂದ ಎಲ್ಲಾ ಸರಿಯಾಗುತ್ತೆ ಅಂತಲ್ಲ. ಸಾಲ ಇದೆ, ತೀರಿಸೋಕೆ ಶುರು ಮಾಡಬೇಕಲ್ಲ.