ಹಿಂದಿನಿಂದ ಡಿಕ್ಕಿ ಹೊಡೆದವನು ಏನು ಹೇಳಬೇಕು?

2014ರ ಮಳೆಗಾಲದ ಒಂದು ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುತ್ತಿದ್ದಾಗ ನನ್ನ ಕಾರು ಮುಂದಿನ ಕಾರಿಗೆ ಡಿಕ್ಕಿ ಹೊಡೆಯಿತು. ಅಡ್ಡ ಬಂದ ಹುಡುಗನನ್ನು ಕಂಡು ಅವರು ಬ್ರೇಕ್ ಹಾಕಿದ್ದರು. ನನ್ನ ಲಕ್ಷ್ಯ ಅಂಗಡಿಯ ಲೆಕ್ಕದ ಮೇಲಿತ್ತು. ಆ ಕಾರನ್ನು ನಡೆಸುತ್ತಿದ್ದ ಶಿಕ್ಷಕರ ಕುತ್ತಿಗೆಗೆ ಪೆಟ್ಟಾಯಿತು. ಅವರನ್ನು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ಚಾಲಕನಿಗೆ ಇದನ್ನು ಕರ್ತವ್ಯವೆಂದೇ ವಿಧಿಸಿರುವುದರಿಂದ ಅದರಲ್ಲಿ ಹೇಳಿಕೊಳ್ಳುವಂತಹ ಪುಣ್ಯವೇನಿಲ್ಲ.

ಕೆಲವು ತಿಂಗಳ ಬಳಿಕ ಪರಿಹಾರದ ಅರ್ಜಿಯ ನೋಟೀಸು ಬಂದಿತು. ವಕೀಲರು ಲಿಖಿತ ಹೇಳಿಕೆಯನ್ನು (ನಮ್ಮ ಹಿರಿಯರು ಕೈಫಿಯತ್ತು ಎನ್ನುತ್ತಿದ್ದರು) ಸಿದ್ಧಪಡಿಸಿ ತಂದರು. ಅಪಘಾತಕ್ಕೆ ಅರ್ಜಿದಾರರೇ ಕಾರಣರು, ಗಾಯವಾಗಿದೆ ಎಂಬುದು ಸುಳ್ಳು, ವಯಸ್ಸು ಮತ್ತು ಸಂಬಳ ಒಪ್ಪತಕ್ಕದ್ದಲ್ಲ ಎಂದಿತ್ತು. "ಇದು ರೂಢಿ," ಎಂದರು. ನಾನು ರುಜು ಮಾಡಿದೆ.

ಮೂರನೆಯ ವ್ಯಕ್ತಿಗಾಗುವ ಹಾನಿಗೆ ವಿಮೆ ಕಡ್ಡಾಯವಾಗಿರುವುದರಿಂದ ಸಾಮಾನ್ಯವಾಗಿ ಹಣ ತೆರುವುದು ಕಂಪನಿಯೇ. ಹೀಗಿರುವಾಗ ನೊಂದವನಿಗೆ ಮಾಲೀಕನು ತನ್ನ ಕೈಯಿಂದ ಕೊಡಬಹುದಾದುದು ನಡೆದ ಸಂಗತಿಯೊಂದೇ. ಅದನ್ನೇ ನಾನು ಹಿಡಿದಿಟ್ಟುಕೊಂಡೆ.

ಹಿಂದಿನ ವಾಹನವು ಸಾಕಷ್ಟು ಅಂತರ ಕಾಯ್ದುಕೊಳ್ಳಬೇಕೆಂಬುದು ರಸ್ತೆಯ ನಿಯಮ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಾರಿಯ ಹಿಂದೆ ಹತ್ತು ಹದಿನೈದು ಅಡಿಯಷ್ಟೇ ಅಂತರದಲ್ಲಿ ಬರುತ್ತಿದ್ದ ಕಾರಿನ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದು, ಲಾರಿಯ ಚಾಲಕನದು ತಪ್ಪಲ್ಲವೆಂದಿತು. ದೀಪವಿಲ್ಲದೆ ರಾತ್ರಿ ನಿಲ್ಲಿಸಿದ ಲಾರಿಯ ಮಾತು ಬೇರೆ. ಅಲ್ಲಿ ತಪ್ಪು ಹಂಚಿಹೋಗಬಹುದು. ನನ್ನ ಪ್ರಸಂಗದಲ್ಲಿ ಹಂಚಲು ಏನೂ ಇರಲಿಲ್ಲ.

ವಿಮಾ ಪತ್ರದಲ್ಲಿ ಒಂದು ಷರತ್ತು ಇರುತ್ತದೆ: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆಯನ್ನು ಒಪ್ಪಿಕೊಳ್ಳಕೂಡದು. ಶ್ರಾವಕರ ಮನೆಯ ಕಾರಿಗೂ ಬಸದಿಯ ಟ್ರಸ್ಟಿನ ಜೀಪಿಗೂ ಇದು ಒಂದೇ. ಒಪ್ಪಂದಕ್ಕೆ ರುಜು ಹಾಕಿದ ವ್ಯಾಪಾರಿ ಅದನ್ನು ಪಾಲಿಸಬೇಕು, ನಿಜ. ಆದರೆ ಹೊಣೆಯನ್ನು ಒಪ್ಪದಿರುವುದು ಬೇರೆ, ಕಂಡದ್ದನ್ನು ಅಲ್ಲಗಳೆಯುವುದು ಬೇರೆ. "ನನ್ನ ಕಾರು ಹಿಂದಿತ್ತು, ಬ್ರೇಕ್ ತಡವಾಯಿತು, ಹೊಣೆಯನ್ನು ನ್ಯಾಯಮಂಡಳಿಯೇ ನಿರ್ಣಯಿಸಲಿ" ಎಂದು ಬರೆಯಿಸಬಹುದಿತ್ತು. ಇದರಿಂದ ಕಂಪನಿಯ ಬಾಯಿ ಕಟ್ಟುವುದಿಲ್ಲ. ಮಾಲೀಕನು ವಿರೋಧಿಸದೆ ಉಳಿದಾಗ ಅವನ ತಕರಾರುಗಳನ್ನೆಲ್ಲ ತಾನೇ ಎತ್ತಲು 170ನೆಯ ಕಲಮಿನಡಿ ಅದು ಅನುಮತಿ ಪಡೆಯಬಹುದು. ನನ್ನ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣದೊಳಗೇ ಪ್ರಮಾದವನ್ನು ಇಟ್ಟಿದ್ದಾರೆ. ಕಾನೂನು ನಿರ್ಲಕ್ಷ್ಯವೆನ್ನುವುದು ಅದಕ್ಕೆ ಬಹಳ ದೂರದ್ದಲ್ಲ. ಆದರೆ ಅಂದು ಸಂಜೆಯ ಪ್ರಮಾದಕ್ಕಿಂತ, ಎಚ್ಚರವಿದ್ದೂ ಹಾಕಿದ ಆ ರುಜುವೇ ನನಗೆ ಭಾರವಾಗಿದೆ.

ಅರ್ಜಿದಾರರ ಕಡೆಯಲ್ಲೂ ಅಸತ್ಯ ನುಸುಳುವುದುಂಟು. ಅಂಗವೈಕಲ್ಯದ ಶೇಕಡಾ ಪ್ರಮಾಣವನ್ನು ಹಿಗ್ಗಿಸಿ ಬರೆಯಿಸುವವರಿದ್ದಾರೆ. ದೇಹದ ನ್ಯೂನತೆಯ ಪ್ರಮಾಣವೇ ಗಳಿಕೆಯ ನಷ್ಟದ ಪ್ರಮಾಣವಲ್ಲವೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವರಿಸಿತು: ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಬಹುತೇಕ ಮುಗಿಯಬಹುದು, ಸರಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಆ ಶಿಕ್ಷಕರಾದರೋ ಶೇಕಡಾ ಲೆಕ್ಕಕ್ಕೇ ಹೋಗಲಿಲ್ಲ. ಔಷಧದ ಬಿಲ್ಲು, ಕಳೆದುಕೊಂಡ ಸಂಬಳ, ನೋವಿಗಾಗಿ ಒಂದಿಷ್ಟು, ಇಷ್ಟನ್ನೇ ಕೇಳಿದ್ದರು. ಪಾಟೀಸವಾಲಿನಲ್ಲಿ ನನ್ನ ಕಾಗದವನ್ನೇ ಮುಂದಿಟ್ಟು, ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಅವರಿಗೆ ಸೂಚಿಸಲಾಯಿತಂತೆ. ನಾನು ಅಂದು ಅಂಗಡಿಯಲ್ಲಿದ್ದೆ.

ತೀರ್ಪು ಅವರ ಪರವಾಗಿ ಬಂದಿತು, ಕಂಪನಿಯು ಹಣ ಕಟ್ಟಿತು. ಅನಂತರ ಒಂದು ದಿನ ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಚಹಾ ಕೊಟ್ಟು ಕೂರಿಸಿ, "ರೊಕ್ಕ ಬಂತು, ಸಾವುಕಾರರೇ. ಈ ಮಾತನ್ನು ಅಲ್ಲಿ ಬಂದು ಹೇಳಿದ್ದರೆ ಸಾಕಾಗಿತ್ತು," ಎಂದರು.