ಮೂರ್ಛೆಯೂ ಸಂಗ್ರಹವೂ

ಜೈನ ದರ್ಶನದ ಐದು ವ್ರತಗಳಲ್ಲಿ ಕೊನೆಯದಾದ ಅಪರಿಗ್ರಹವನ್ನು ಸಾಮಾನ್ಯವಾಗಿ ವಸ್ತುಗಳನ್ನು ಕೂಡಿಡದಿರುವುದು ಎಂದು ಅರ್ಥೈಸುವುದುಂಟಾದರೂ, ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹುಡುಕದೆ ‘ಮೂರ್ಛೆ’ಯಲ್ಲಿ, ಅಂದರೆ ಮನಸ್ಸು ಮಮಕಾರದಿಂದ ಮೈಮರೆತು ಅಂಟಿಕೊಳ್ಳುವ ಸ್ಥಿತಿಯಲ್ಲಿ, ಗುರುತಿಸುತ್ತದೆ. ತೂಕವಾಗಲಿ ಗಾತ್ರವಾಗಲಿ ಇಲ್ಲದಂತೆ ತೋರುವ ಡಿಜಿಟಲ್ ಕಡತಗಳ ವಿಷಯದಲ್ಲಿ ಈ ಸೂಕ್ಷ್ಮವು ಬಹಳ ಉಪಯುಕ್ತ. ಅಟ್ಟ ತುಂಬಿದಾಗ ಹಳೆಯ ಪಾತ್ರೆಯನ್ನು ಗುಜರಿಗೆ ಹಾಕಲೇಬೇಕಾಗುತ್ತದೆ. ಒಂದೇ ದಾಸವಾಳದ ಹದಿನೇಳು ಫೋಟೊಗಳು, ತೆರೆದೇ ನೋಡದ ಪಿಡಿಎಫ್‌ಗಳು, ಬೆಳಗಾದರೆ ಬಂದು ಬೀಳುವ ಶುಭೋದಯದ ಚಿತ್ರಗಳು ಮಾತ್ರ ಮೊಬೈಲಿನಲ್ಲಿ ಯಾರ ಕಾಲಿಗೂ ತೊಡರದೆ ಉಳಿಯುವುದರಿಂದ, ಇಟ್ಟುಕೊಂಡವರಿಗೇ ಇಟ್ಟುಕೊಂಡ ನೆನಪಿರುವುದಿಲ್ಲ.

ಹಾಗೆಂದು ಸಂಗ್ರಹವೆಲ್ಲ ದೋಷವೆನ್ನುವುದು ಆ ಪರಂಪರೆಗೇ ಒಪ್ಪುವ ಮಾತಲ್ಲ. ಜೈನ ಆಗಮಗ್ರಂಥವಾದ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಜೋಪಾನವಾಗಿರದಿದ್ದರೆ 1939ರಲ್ಲಿ ಅದರ ಮುದ್ರಣ ಆರಂಭವಾಗುವ ಪ್ರಶ್ನೆಯೇ ಇರುತ್ತಿರಲಿಲ್ಲ. ಅವು ಬಹುಕಾಲ ದರ್ಶನಕ್ಕಷ್ಟೇ ದೊರೆತು ಓದಿಗೆ ದೊರೆಯಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 10ನೇ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಶಾಸ್ತ್ರದಾನ, ಅಂದರೆ ಗ್ರಂಥವನ್ನೇ ದಾನವಾಗಿ ನೀಡುವ ಪುಣ್ಯಕಾರ್ಯ. ಪ್ರತಿಗಳು ಹೆಚ್ಚಿದಷ್ಟೂ ಕೃತಿ ಉಳಿಯುವ ಸಂಭವ ಹೆಚ್ಚೆಂಬುದೇ ಇಂದಿನ ಬ್ಯಾಕಪ್‌ನ ತತ್ತ್ವವೂ ಹೌದು. ಆದರೆ ಬ್ಯಾಕಪ್‌ನ ಎರಡನೆಯ ಪ್ರತಿಯು ಸಾಮಾನ್ಯವಾಗಿ ಮೊದಲನೆಯದರ ಒಡೆಯನ ಬೀರುವಿನಲ್ಲೇ, ಅವನೊಬ್ಬನಿಗೇ ಗೊತ್ತಿರುವ ಪಾಸ್‌ವರ್ಡಿನ ಹಿಂದೆ ಕುಳಿತಿರುತ್ತದೆ.